ಕಟ್ಟಡದ ಕೆಲಸ ಮತ್ತು ಕುಟುಂಬದ ಕ್ಷೇಮ

(ಖಾನಾಪುರ ತಾಲೂಕಿನಿಂದ ಬೆಳಗಾವಿ ನಗರಕ್ಕೆ ಕಟ್ಟಡದ ಕೆಲಸಕ್ಕೆಂದು ಹೋಗುವ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯ ಮಾತು, ಶಸ್ತ್ರಚಿಕಿತ್ಸೆಯ ಮಾತು ಎಂದು ಅನೇಕರು ಭಾವಿಸಿದ್ದಾರೆ. ಅದು ಈ ಕಾರ್ಯದ ಒಂದು ಭಾಗ ಮಾತ್ರ. ಮನೆಯನ್ನು ಸಲಹುವ ಗಂಡ ಹೆಂಡಿರಿಬ್ಬರೂ ಗಟ್ಟಿಯಾಗಿದ್ದರೆ ತಾನೆ ಮಿತ ಸಂಸಾರದಿಂದ ಹಿತ ಉಂಟಾಗುವುದು? ದುಡಿಯುವ ಗಂಡನು ಮಾಳಿಗೆಯಿಂದ ಬಿದ್ದು ಬೆನ್ನೆಲುಬು ಮುರಿದುಕೊಂಡರೆ, ಎರಡೇ ಮಕ್ಕಳಿರುವ ಮನೆಯೂ ಸಾಲದಲ್ಲಿ ಮುಳುಗುತ್ತದೆ. ಹಿರಿಯ ಮಗು ಶಾಲೆಯನ್ನು ಬಿಡುತ್ತದೆ. ಆದ್ದರಿಂದ ಕೆಲಸದ ಸ್ಥಳದ ಸುರಕ್ಷತೆಯೂ ಕುಟುಂಬ ಕಲ್ಯಾಣದ ವಿಷಯವೇ ಆಗಿದೆ. ಇಂದು ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ನಮ್ಮ ಖಾನಾಪುರವು ಹಂಚು, ಇಟ್ಟಂಗಿ ಮತ್ತು ಮಣ್ಣಿನ ಪಾತ್ರೆಗಳಿಗೆ ಹೆಸರಾದ ಊರು. ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯೂ ಇಲ್ಲಿಯೇ ಇದೆ. ಕಟ್ಟಡಕ್ಕೆ ಬೇಕಾದ ಸಾಮಗ್ರಿಯನ್ನೂ ಕಟ್ಟುವ ಕೈಗಳನ್ನೂ ಈ ತಾಲೂಕು ಬೆಳಗಾವಿಗೆ ಒದಗಿಸುತ್ತ ಬಂದಿದೆ. 2012ರಲ್ಲಿ ಸುವರ್ಣ ವಿಧಾನಸೌಧದ ಉದ್ಘಾಟನೆಯಾಯಿತು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿ ಸೇರಿತು. ನಗರವು ಬೆಳೆದಂತೆ ಕೆಲಸವೂ ಬೆಳೆದಿದೆ. ಭತ್ತದ ಸುಗ್ಗಿ ಮುಗಿದೊಡನೆ ನಮ್ಮ ಹಳ್ಳಿಗಳ ದಂಪತಿಗಳು ಬಸ್ಸು, ರೈಲುಗಳನ್ನು ಹಿಡಿದು ಸುಮಾರು 26 ಕಿಲೋಮೀಟರ್ ದೂರದ ನಗರಕ್ಕೆ ಹೋಗುತ್ತಾರೆ. ಗಂಡನು ಗೌಂಡಿಯಾಗಿಯೋ ಸೆಂಟ್ರಿಂಗ್ ಕೆಲಸದವನಾಗಿಯೋ ದುಡಿದರೆ, ಹೆಂಡತಿಯು ಉಸುಕು, ಖಡಿ, ಇಟ್ಟಂಗಿಗಳನ್ನು ಹೊರುತ್ತಾಳೆ. ಮಗುವು ಉಸುಕಿನ ಗುಡ್ಡೆಯ ಮೇಲೆ ಆಡುತ್ತಿರುತ್ತದೆ. ಒಂದೇ ಸ್ಥಳದಲ್ಲಿ ಇಡೀ ಕುಟುಂಬವೇ ಅಪಾಯಕ್ಕೆ ಒಡ್ಡಿಕೊಂಡಿರುವ ಕೆಲಸ ಇದು.

ಬಾವಿಯ ಕಟ್ಟೆಯ ಮಾತು

ಅಪಘಾತವಾದಾಗ ಮೂರು ಮಾತುಗಳು ಕೇಳಿಬರುತ್ತವೆ. 'ಅವನ ಹಣೆಬರಹ' ಎಂದು ಒಬ್ಬರು, 'ಅವನಿಗೆ ಎಚ್ಚರವಿರಲಿಲ್ಲ' ಎಂದು ಇನ್ನೊಬ್ಬರು, 'ಈ ಕೆಲಸವೇ ಹೀಗೆ' ಎಂದು ಮತ್ತೊಬ್ಬರು. ಈ ಮೂರೂ ಮಾತುಗಳು ನಿಜವಾದ ಕಾರಣವನ್ನು ಮುಚ್ಚಿಬಿಡುತ್ತವೆ.

ನಿಮ್ಮ ಹಿತ್ತಲಿನಲ್ಲಿ ತೆರೆದ ಬಾವಿಯಿದೆಯೆಂದು ತಿಳಿಯಿರಿ. ಮಗುವಿಗೆ ದಿನವೂ 'ಜೋಪಾನ, ಜೋಪಾನ' ಎಂದು ಹೇಳುತ್ತ ಕುಳಿತುಕೊಳ್ಳುವಿರೋ, ಅಥವಾ ಬಾವಿಗೆ ಕಟ್ಟೆಯನ್ನು ಕಟ್ಟುವಿರೋ? ಎಚ್ಚರಿಕೆಯ ಮಾತು ಒಂದು ದಿನ ಮರೆತುಹೋಗುತ್ತದೆ, ಕಟ್ಟೆಯು ಮರೆಯುವುದಿಲ್ಲ. ಕಟ್ಟಡದ ಕೆಲಸದಲ್ಲಿಯೂ ಇದೇ ನ್ಯಾಯ. ಸುರಕ್ಷತೆಯೆಂಬುದು ಕೂಲಿಕಾರನ ಧೈರ್ಯದಿಂದಾಗಲಿ ಅದೃಷ್ಟದಿಂದಾಗಲಿ ಬರುವುದಲ್ಲ. ಕೆಲಸವು ಆರಂಭವಾಗುವುದಕ್ಕೆ ಮೊದಲು, ನಕ್ಷೆಯು ಇನ್ನೂ ಕಾಗದದ ಮೇಲಿರುವಾಗಲೇ ಮಾಡಬೇಕಾದ ಏರ್ಪಾಡು ಅದು.

2019ರ ಮಾರ್ಚ್ 19ರಂದು ನೆರೆಯ ಧಾರವಾಡದಲ್ಲಿ ನಿರ್ಮಾಣದ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಕುಸಿಯಿತು. ಕೆಳಗಿನ ಅಂತಸ್ತಿನಲ್ಲಿ ಅಂಗಡಿಗಳು ನಡೆಯುತ್ತಿದ್ದವು; ಮೇಲೆ ಕೆಲಸ ಸಾಗಿತ್ತು. 19 ಜನರು ಪ್ರಾಣವನ್ನು ಕಳೆದುಕೊಂಡರು. ಅವಶೇಷಗಳಡಿಯಿಂದ ಕೆಲವರನ್ನು ದಿನಗಟ್ಟಲೆ ಶ್ರಮಪಟ್ಟು ಜೀವಂತವಾಗಿ ಹೊರತೆಗೆಯಲಾಯಿತು. ಆ ದಿನ ಅಲ್ಲಿದ್ದ ಕೆಲಸಗಾರನು ಎಷ್ಟೇ ಎಚ್ಚರದಿಂದಿದ್ದರೂ, ತಲೆಗೆ ಹೆಲ್ಮೆಟ್ ಧರಿಸಿದ್ದರೂ, ಕುಸಿಯುವ ಕಟ್ಟಡದಿಂದ ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲನೇ? ಕಂಬವು ಎಷ್ಟು ಭಾರವನ್ನು ಹೊರಬೇಕೆಂಬುದನ್ನು ಲೆಕ್ಕ ಹಾಕುವವನು ನಕ್ಷೆಗಾರ. ಲೆಕ್ಕದಂತೆ ಕಟ್ಟಿಸುವವನು ಗುತ್ತಿಗೆದಾರ. ಬುಟ್ಟಿ ಹೊರುವವಳ ಜೀವವು ಇವರಿಬ್ಬರ ಪ್ರಾಮಾಣಿಕತೆಯ ಮೇಲೆ ನಿಂತಿದೆ.

ಕಟ್ಟಿಸುವವರ ಕರ್ತವ್ಯ

ನಕ್ಷೆಯನ್ನು ತಯಾರಿಸಿ ಕಟ್ಟಡವನ್ನೂ ಕಟ್ಟಿಕೊಡುವ ಕಂಪನಿಗಳು ಈಗ ಬೆಳಗಾವಿಯಂತಹ ನಗರಗಳಲ್ಲಿ ಕೆಲಸ ಮಾಡುತ್ತಿವೆ. ಇಂತಹ ಕಂಪನಿಯು ಸುರಕ್ಷತೆಯನ್ನು ಹೇಗೆ ನಿರ್ವಹಿಸಬೇಕೆಂಬುದನ್ನು ನೀವೂ ತಿಳಿದಿರುವುದು ಒಳ್ಳೆಯದು. ತಿಳಿದವನು ಮಾತ್ರ ಕೇಳಬಲ್ಲನು.

ಮೊದಲನೆಯದಾಗಿ, ಯಾವ ಕೆಲಸದಲ್ಲಿ ಯಾವ ಅಪಾಯವಿದೆಯೆಂಬುದನ್ನು ಮುಂಚಿತವಾಗಿ ಬರೆದಿಡಬೇಕು. ಎರಡನೆಯದಾಗಿ, ಸಾಧ್ಯವಾದ ಅಪಾಯವನ್ನು ಬುಡದಲ್ಲಿಯೇ ನಿವಾರಿಸಬೇಕು. ನೆಲದ ಮೇಲೆ ಜೋಡಿಸಬಹುದಾದ ಕಬ್ಬಿಣವನ್ನು ಮೂರನೆಯ ಅಂತಸ್ತಿನ ಅಂಚಿನಲ್ಲಿ ನಿಂತು ಜೋಡಿಸುವುದೇಕೆ? ಮೂರನೆಯದಾಗಿ, ನಿವಾರಿಸಲಾಗದ ಅಪಾಯಕ್ಕೆ ಅಡ್ಡಗಟ್ಟನ್ನು ಹಾಕಬೇಕು. ಸ್ಲ್ಯಾಬಿನ ಅಂಚಿಗೆ ಕಟಾಂಜನ, ಲಿಫ್ಟಿಗೆಂದು ಬಿಟ್ಟ ಗುಂಡಿಗೆ ಮುಚ್ಚಳ, ಸಾರುವೆಗೆ ಅಲುಗಾಡದ ಹಲಗೆ ಮತ್ತು ಗಟ್ಟಿಯಾದ ನೆಲೆ, ಒಂದೂವರೆ ಮೀಟರಿಗಿಂತ ಆಳವಾದ ಪಾಯಕ್ಕೆ ಪಕ್ಕದ ಆಸರೆ ಅಥವಾ ಇಳಿಜಾರು, ಇವೆಲ್ಲವೂ ಬಾವಿಯ ಕಟ್ಟೆಗಳೇ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಅದು ಎದೆಯ ಮೇಲೆ ಬಿದ್ದರೆ ಮನುಷ್ಯನು ಉಸಿರೆಳೆಯಲಾರನು.

ಹೆಲ್ಮೆಟ್, ಸೊಂಟ ಮತ್ತು ಹೆಗಲನ್ನು ಹಿಡಿಯುವ ರಕ್ಷಣಾಪಟ್ಟಿ, ಗಟ್ಟಿಯಾದ ಪಾದರಕ್ಷೆ ಇವು ಕೊನೆಯಲ್ಲಿ ಬರುತ್ತವೆ. ಅವು ಅವಶ್ಯಕ, ಆದರೆ ಅವಷ್ಟೇ ಸಾಲವು. ಹೆಲ್ಮೆಟ್ಟನ್ನು ಹಂಚಿ, ಕಟಾಂಜನವಿಲ್ಲದ ಅಂಚಿಗೆ ಕಳುಹಿಸುವವನು ತನ್ನ ಕರ್ತವ್ಯವನ್ನು ಪೂರೈಸಿದಂತಾಗಲಿಲ್ಲ.

ನಾಲ್ಕನೆಯದಾಗಿ, ಹೊಣೆಗಾರನು ಯಾರೆಂಬುದು ಎಲ್ಲರಿಗೂ ತಿಳಿದಿರಬೇಕು. ದೊಡ್ಡ ಕೆಲಸಗಳಿಗೆ ಸುರಕ್ಷತಾ ಅಧಿಕಾರಿಯನ್ನು ನೇಮಿಸುತ್ತಾರೆ. ಸಣ್ಣ ಕೆಲಸದಲ್ಲಿ ಮಾಲೀಕನಿಂದ ಗುತ್ತಿಗೆದಾರನಿಗೆ, ಅವನಿಂದ ಉಪಗುತ್ತಿಗೆದಾರನಿಗೆ, ಅವನಿಂದ ಮುಕಾದಮನಿಗೆ ಹೊಣೆಯು ಜಾರುತ್ತ ಹೋಗಿ, ಕಡೆಗೆ ಯಾರ ಕೈಯಲ್ಲಿಯೂ ಉಳಿಯುವುದಿಲ್ಲ. ಐದನೆಯದಾಗಿ, ದಿನವೂ ಬೆಳಿಗ್ಗೆ ಐದು ನಿಮಿಷ ಅಂದಿನ ಕೆಲಸದ ಅಪಾಯಗಳನ್ನು ತಿಳಿಸಿ ಹೇಳಬೇಕು. ನಮ್ಮ ಭಾಗದಲ್ಲಿ ಕನ್ನಡಿಗರೊಡನೆ ಮರಾಠಿ, ಹಿಂದಿ ಮಾತನಾಡುವವರೂ ದುಡಿಯುತ್ತಾರೆ. ಕೇಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ ಎಚ್ಚರಿಕೆಯೇ ಎಚ್ಚರಿಕೆ.

ನಿಧಾನವಾಗಿ ಬರುವ ಅಪಾಯಗಳು

ಬೀಳುವುದು ಕಣ್ಣಿಗೆ ಕಾಣುವ ಅಪಾಯ. ಧೂಳು ಕಾಣದ ಅಪಾಯ. ಕಲ್ಲು, ಟೈಲ್ಸ್, ಕಾಂಕ್ರೀಟುಗಳನ್ನು ಯಂತ್ರದಿಂದ ಕತ್ತರಿಸುವಾಗ ಏಳುವ ನುಣುಪಾದ ಧೂಳಿನಲ್ಲಿ ಸಿಲಿಕಾ ಎಂಬ ಪದಾರ್ಥವಿದೆ. ಅದು ಶ್ವಾಸಕೋಶವನ್ನು ಹೊಕ್ಕು, ವರ್ಷಗಳು ಕಳೆದಂತೆ ಅದನ್ನು ಗಡಸಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಈ ರೋಗವುಳ್ಳವರಿಗೆ ಕ್ಷಯವು ಸುಲಭವಾಗಿ ತಗಲುತ್ತದೆ. ಕ್ಷಯವು ಮನೆಯ ಮಕ್ಕಳಿಗೂ ಹರಡುತ್ತದೆ. ನೀರು ಹಾಯಿಸುತ್ತ ಕತ್ತರಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಮುಖಕ್ಕೆ ಕಟ್ಟಿಕೊಂಡ ಟವೆಲ್ಲು ಈ ಧೂಳನ್ನು ತಡೆಯದು. ಎನ್-95 ಬಗೆಯ ಮುಖಗವಸು ಬೇಕು. ಬೀಡಿ ಸೇದುವವನ ಶ್ವಾಸಕೋಶಕ್ಕೆ ಇಮ್ಮಡಿ ಪೆಟ್ಟು. ಎರಡು ವಾರಗಳಿಗೂ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫವನ್ನು ಪರೀಕ್ಷಿಸಿಕೊಳ್ಳಿರಿ. ನಿಮ್ಮ ಕೆಲಸ ಯಾವುದೆಂಬುದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿರಿ.

ಹಸಿಯಾದ ಸಿಮೆಂಟು ಚರ್ಮವನ್ನು ಸುಡುತ್ತದೆ. ಕೆಲವರಿಗೆ ಕಜ್ಜಿ, ತುರಿಕೆಗಳನ್ನು ತರುತ್ತದೆ. ರಬ್ಬರಿನ ಕೈಗವಸನ್ನು ಧರಿಸಿರಿ. ಊಟಕ್ಕೆ ಮುಂಚೆ ಕೈಗಳನ್ನು ತೊಳೆಯಿರಿ. ಕಣ್ಣಿಗೆ ಸಿಮೆಂಟು ಬಿದ್ದರೆ ಉಜ್ಜಬಾರದು. ಕನಿಷ್ಠ 15 ರಿಂದ 20 ನಿಮಿಷ ಶುದ್ಧವಾದ ನೀರಿನಿಂದ ತೊಳೆದು, ಕೂಡಲೇ ವೈದ್ಯರನ್ನು ಕಾಣಬೇಕು. ಕೆಲಸಕ್ಕೆಂದು ನೀರನ್ನು ತುಂಬಿಟ್ಟ ತೊಟ್ಟಿ, ಪೀಪಾಯಿಗಳಲ್ಲಿ ಡೆಂಗೀ ಹರಡುವ ಸೊಳ್ಳೆ ಬೆಳೆಯುತ್ತದೆ. ವಾರಕ್ಕೊಮ್ಮೆ ಅವುಗಳನ್ನು ಬರಿದುಮಾಡಿ ಉಜ್ಜಿ ಒಣಗಿಸುವುದು ಅಗತ್ಯ.

ತಾಯಿ ಮತ್ತು ಮಗು

ಈಗ ಸಹೋದರಿಯರಿಗೆ, ಅವರೊಡನೆ ಅವರ ಗಂಡಂದಿರಿಗೂ ಹೇಳಬೇಕಾದ ಮಾತು. ಒಂದು ಸಿಮೆಂಟ್ ಚೀಲದ ತೂಕ 50 ಕಿಲೋಗ್ರಾಂ. 1998ರ ಕೇಂದ್ರ ನಿಯಮಗಳು ಒಬ್ಬ ವಯಸ್ಕ ಹೆಣ್ಣುಮಗಳು ಹೊರಬಹುದಾದ ಭಾರವನ್ನು 30 ಕಿಲೋಗ್ರಾಮಿಗೆ ಮಿತಗೊಳಿಸಿದ್ದವು. ಚೀಲವನ್ನು ಹೆಣ್ಣುಮಗಳ ತಲೆಗೆ ಏರಿಸುವುದು ಎಂದಿಗೂ ಸಲ್ಲದು. ಗರ್ಭಿಣಿಯು ಭಾರವನ್ನು ಹೊರುವುದನ್ನು, ಏಣಿಯನ್ನು ಹತ್ತುವುದನ್ನು ಬಿಡಬೇಕು. ಹೆರಿಗೆಯ ನಂತರದ ಆರು ವಾರಗಳಲ್ಲಿ ಕೆಲಸಕ್ಕೆ ಹೋಗಲೇಬಾರದು.

ಕೆಲಸದ ಸ್ಥಳದಲ್ಲಿ ಶೌಚಾಲಯವಿಲ್ಲದ ಕಾರಣ ಅನೇಕ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ಮೂತ್ರದ ಉರಿ, ಜ್ವರ, ಹೊಟ್ಟೆನೋವುಗಳೊಡನೆ ಅವರು ನಮ್ಮ ಬಳಿಗೆ ಬರುತ್ತಾರೆ. ಗರ್ಭಿಣಿಗೆ ಈ ಸೋಂಕು ತಗಲಿದರೆ ದಿನ ತುಂಬುವುದಕ್ಕೆ ಮೊದಲೇ ಹೆರಿಗೆಯಾಗುವ ಭಯವುಂಟು. ಔಷಧವನ್ನು ನಾವು ಕೊಡುತ್ತೇವೆ. ಆದರೆ ನಾಲ್ಕು ತಗಡುಗಳ ಒಂದು ಶೌಚಾಲಯವು ಆ ಔಷಧಕ್ಕಿಂತ ಮಿಗಿಲು. ಇದನ್ನು ಕೇಳಲು ಹೆಣ್ಣುಮಕ್ಕಳು ನಾಚಿದರೆ, ಗಂಡಂದಿರು ಕೇಳಬೇಕು.

ಮಕ್ಕಳನ್ನು ಉಸುಕು, ಖಡಿಗಳ ನಡುವೆ ಬಿಡಬಾರದು. 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಶಿಶುಗೃಹವಿರಬೇಕೆಂದು 1996ರ ಕಾಯಿದೆಯೇ ವಿಧಿಸಿತ್ತು. ಶಿಶುಗೃಹವಿಲ್ಲದ ಕಡೆ ಹತ್ತಿರದ ಅಂಗನವಾಡಿಯನ್ನು ವಿಚಾರಿಸಿರಿ, ಇಲ್ಲವೇ ಊರಿನ ಹಿರಿಯರ ಬಳಿ ಮಗುವನ್ನು ಬಿಡಿರಿ. ಕಂಕುಳಲ್ಲೊಂದು, ಕಾಲ ಬಳಿಯೊಂದು ಮಗುವಿರುವ ತಾಯಿ ಇಬ್ಬರನ್ನೂ ಕಾಯಲಾರಳು. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲಿ ಎಂದು ನಾವು ಹೇಳುವುದು ಇದಕ್ಕಾಗಿಯೂ ಹೌದು. ಅಂತರಾ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವವರು, ಕೆಲಸಕ್ಕಾಗಿ ಊರು ಬದಲಿಸಿದರೂ ಚೀಟಿಯನ್ನು ಜೊತೆಯಲ್ಲಿಟ್ಟುಕೊಂಡು ದಿನವನ್ನು ತಪ್ಪಿಸಬಾರದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಿ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಎರಡು ವಾರಗಳ ಕಾಲ, ಬುಟ್ಟಿಯನ್ನು ಹೊರಬಾರದು. ಗಾಯ ಹೊಲಿಗೆಯಿಲ್ಲದ ಪುರುಷರ ಶಸ್ತ್ರಚಿಕಿತ್ಸೆಯಾದರೆ ಒಂದು ವಾರ ಭಾರದ ಕೆಲಸವನ್ನು ಬಿಟ್ಟರೆ ಸಾಕು. ಆದರೆ ಮೂರು ತಿಂಗಳ ನಂತರ ವೀರ್ಯಪರೀಕ್ಷೆಯಾಗುವವರೆಗೆ ನಿರೋಧ್ ಬಳಸಬೇಕು. ಕೂಲಿಯ ಮನೆಯಲ್ಲಿ ಯಾರ ಶಸ್ತ್ರಚಿಕಿತ್ಸೆ ಸುಲಭವೆಂಬುದನ್ನು ದಂಪತಿಗಳೇ ಕುಳಿತು ವಿಚಾರಮಾಡಲಿ.

ಅಪಘಾತವಾದಾಗ

ಮೇಲಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬಾರದು. ಕತ್ತು ಅಥವಾ ಬೆನ್ನು ಮುರಿದಿದ್ದರೆ ಹಾಗೆ ಎತ್ತುವುದರಿಂದಲೇ ಅವನು ಶಾಶ್ವತವಾಗಿ ಅಂಗಹೀನನಾಗಬಹುದು. ಮೇಲಿನಿಂದ ಇನ್ನೇನೂ ಬೀಳುವ ಭಯವಿಲ್ಲದಿದ್ದರೆ ಅಲ್ಲಿಯೇ ಅಲುಗಿಸದೆ ಮಲಗಿಸಿ 108ಕ್ಕೆ ಕರೆಮಾಡಿರಿ. ಎಚ್ಚರತಪ್ಪಿದವನ ಬಾಯಿಗೆ ನೀರನ್ನು ಹಾಕಬೇಡಿರಿ. ರಕ್ತ ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿಯಿರಿ. ವಿದ್ಯುತ್ತು ತಗಲಿದವನನ್ನು ಮುಟ್ಟುವ ಮೊದಲು ವಿದ್ಯುತ್ತನ್ನು ನಿಲ್ಲಿಸಿರಿ. ಮೊಳೆ, ಸರಳು ಚುಚ್ಚಿದ ಗಾಯ ಚಿಕ್ಕದೆಂದು ಬಿಡದೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಅಂದೇ ವೈದ್ಯರನ್ನು ಕೇಳಿರಿ.

ಹೆಸರು ನೋಂದಾಯಿಸಿರಿ, ಒಟ್ಟಾಗಿ ಕೇಳಿರಿ

ಕಟ್ಟಡ ಕಾರ್ಮಿಕರ ರಕ್ಷಣೆಗೆ 1996ರಲ್ಲಿ ಕಾಯಿದೆಯಾಯಿತು. ಅದರಲ್ಲಿದ್ದ ಸುರಕ್ಷತೆಯ ವಿಷಯಗಳು ಈಗ 2020ರ ಸಂಹಿತೆಯಲ್ಲಿ ಸೇರಿವೆ; ಆ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ರಾಜ್ಯದಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಿದೆ. ಕಟ್ಟಿಸುವವರಿಂದ ನಿರ್ಮಾಣದ ವೆಚ್ಚದ ಮೇಲೆ ವಸೂಲಾಗುವ ಸುಂಕವೇ ಅದರ ನಿಧಿ. 18 ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳುಗಳಲ್ಲಿ 90 ದಿನ ಈ ಕೆಲಸ ಮಾಡಿದವರು ಹೆಸರನ್ನು ನೋಂದಾಯಿಸಬಹುದು. ಅಪಘಾತ, ಹೆರಿಗೆ, ಮಕ್ಕಳ ವಿದ್ಯಾಭ್ಯಾಸ, ಪಿಂಚಣಿ ಇವಕ್ಕೆ ನೆರವು ದೊರೆಯುತ್ತದೆ. ಗಂಡನ ಹೆಸರೊಂದೇ ಸಾಲದು. ಬುಟ್ಟಿ ಹೊರುವ ಹೆಂಡತಿಯೂ ಕಾರ್ಮಿಕಳೇ. ಇಬ್ಬರೂ ಬೇರೆ ಬೇರೆಯಾಗಿ ನೋಂದಾಯಿಸಿಕೊಳ್ಳಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಬಿದ್ದ ಮೇಲೆ ಗುರುತಿನ ಚೀಟಿಗೆ ಅಲೆಯುವುದು ಬೇಡ.

'ಕೇಳಿದರೆ ನಾಳೆ ಕೆಲಸಕ್ಕೆ ಬರಬೇಡ ಎನ್ನುತ್ತಾರೆ' ಎಂಬುದು ನಿಮ್ಮ ಅಳಲು. ಅದು ಸುಳ್ಳಲ್ಲ. ಒಬ್ಬನೇ ಕೇಳಿದರೆ ಜಗಳವೆನ್ನುತ್ತಾರೆ. ಹತ್ತು ಜನ ವಿನಯದಿಂದ ಕೇಳಿದರೆ ಅದು ಯೋಚಿಸಬೇಕಾದ ಮಾತಾಗುತ್ತದೆ. ಆದ್ದರಿಂದ ಒಂದು ಊರಿನವರೆಲ್ಲ ಸೇರಿ ಮೊದಲ ದಿನವೇ ಮುಕಾದಮನನ್ನು ಮೂರು ಪ್ರಶ್ನೆಗಳನ್ನು ಕೇಳಿರಿ: ಅಂಚಿಗೆ ಕಟಾಂಜನವಿದೆಯೇ? ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೇ? ಅಪಘಾತವಾದರೆ ಹೊಣೆ ಯಾರದು? ಉತ್ತರ ಸಿಗದಿದ್ದರೆ ಗುತ್ತಿಗೆದಾರನನ್ನು ಕೇಳಿರಿ. ಅಲ್ಲಿಯೂ ಸಿಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡುವ ಹಕ್ಕು ನಿಮಗಿದೆ.

ಬೆಳಗಾವಿಯಲ್ಲಿ ಏಳುವ ಪ್ರತಿಯೊಂದು ಮಾಳಿಗೆಯಲ್ಲಿಯೂ ನಿಮ್ಮ ಬೆವರಿದೆ. ಅದರಲ್ಲಿ ನಿಮ್ಮ ರಕ್ತ ಸೇರಬೇಕಾಗಿಲ್ಲ. ಬೆಳಿಗ್ಗೆ ಜೊತೆಯಾಗಿ ಹೋದ ಗಂಡ ಹೆಂಡಿರು ಸಂಜೆ ಜೊತೆಯಾಗಿ ಮನೆಗೆ ಮರಳಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.