ಮನೆಯ ನೀರು, ಮನೆಯ ಬೆಂಕಿ
(ಮಹಿಳಾ ಸಮಾಜದ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ಏಳಿಗೆ ಎಂದ ಕೂಡಲೆ ನಮಗೆ ರಸ್ತೆ, ಶಾಲೆ, ಆಸ್ಪತ್ರೆಗಳು ನೆನಪಿಗೆ ಬರುತ್ತವೆ. ಅವು ಬೇಕು, ನಿಜ. ಆದರೆ ಸರ್ಕಾರದ ಹಣಕ್ಕೂ ಪಂಚಾಯಿತಿಯ ತೀರ್ಮಾನಕ್ಕೂ ಕಾಯದೆ ನಾಳೆ ಬೆಳಿಗ್ಗೆಯೇ ನಿಮ್ಮ ಕೈಯಿಂದ ಆಗಬಹುದಾದ ಕೆಲಸಗಳೂ ಇವೆ. ಅವು ನಿಮ್ಮ ಸೂರಿನಡಿಯಲ್ಲೇ ಇವೆ. ನೀರು ಮತ್ತು ಬೆಂಕಿ, ಈ ಎರಡನ್ನು ಕುರಿತು ಇಂದು ನಾಲ್ಕು ಮಾತು ಹೇಳುತ್ತೇನೆ.

ಮೊದಲು ನೀರು. ಕೋಲಾರ, ಚಿಕ್ಕಬಳ್ಳಾಪುರದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದೆ ಕೆರೆಗಳೂ ತೆರೆದ ಬಾವಿಗಳೂ ಜನರನ್ನು ಸಾಕಿದವು. ಈಗ ಎಷ್ಟೋ ಕಡೆ ಕೊಳವೆ ಬಾವಿ ಸಾವಿರ ಅಡಿ ದಾಟಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಸಿಕ್ಕ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕುದಲ್ಲ. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ದೊಡ್ಡವರ ಕೀಲು ಬಿಗಿದು ಬೆನ್ನು ಬಾಗುತ್ತದೆ. ಕುದಿಸಿದರೆ ಈ ದೋಷ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಹೆಚ್ಚುತ್ತದೆ.

ಮಳೆನೀರಿಗೆ ಈ ಕಾಟವಿಲ್ಲ. ನೀವೇ ಲೆಕ್ಕ ಹಾಕಿ ನೋಡಿ. 30 ಅಡಿ ಉದ್ದ, 20 ಅಡಿ ಅಗಲದ ಮಾಡಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,100 ಲೀಟರು ನೀರು. ಸೋರಿದ್ದು, ಚೆಲ್ಲಿದ್ದು ಕಳೆದರೂ 800 ಲೀಟರು ಉಳಿದೀತು. ಐದು ಜನರ ಮನೆಗೆ ಕುಡಿಯಲು ಮತ್ತು ಅಡಿಗೆಗೆ ದಿನಕ್ಕೆ 25 ಲೀಟರು ಎಂದಿಟ್ಟುಕೊಂಡರೆ ಒಂದು ಹದವಾದ ಮಳೆ ಒಂದು ತಿಂಗಳಿಗೆ ಆಯಿತು!

ಸೂರಿನ ಅಂಚಿಗೆ ತಗಡಿನ ದೋಣಿ ಕಟ್ಟಿ, ಕೊಳವೆಯಿಂದ ನೀರನ್ನು ತೊಟ್ಟಿಗೆ ಬಿಡಿ. ಮುಂಗಾರಿನ ಮೊದಲ ಒಂದೆರಡು ಮಳೆ ಮಾಡನ್ನು ತೊಳೆದು ಹೊರಗೆ ಹೋಗಲಿ. ತೊಟ್ಟಿಯ ಬಾಯಿಗೆ ಒಗೆದ ಬಟ್ಟೆ ಕಟ್ಟಿ, ಮೇಲೆ ಬಿಗಿಯಾದ ಮುಚ್ಚಳ ಹಾಕಿ. ಬಿಸಿಲಾಗಲಿ ಸೊಳ್ಳೆಯಾಗಲಿ ಒಳಹೋಗಬಾರದು. ರೋಗಾಣುಗಳು ಸಾಯಲು ಈ ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ತೊಟ್ಟಿಗೆ ಹಣವಿಲ್ಲದವರು 200 ಲೀಟರಿನ ಒಂದು ಡ್ರಮ್ಮಿನಿಂದಲೇ ತೊಡಗಬಹುದು. ಅದು ಎಂಟು ದಿನದ ನೀರು. ಆದರೆ ಔಷಧಿ, ಎಣ್ಣೆ ತುಂಬಿದ್ದ ಡ್ರಮ್ಮು ಬೇಡ.

ಬಚ್ಚಲ ನೀರು ಬೀದಿಗೆ ಹರಿದರೆ ಕೆಸರು, ಸೊಳ್ಳೆ, ನೆರೆಯವರೊಡನೆ ಜಗಳ. ಹಿತ್ತಲಿಗೆ ಹರಿದರೆ ಬಾಳೆ, ಪರಂಗಿ, ನುಗ್ಗೆ. ಒಂದೇ ಕಡೆ ನಿಲ್ಲದಂತೆ ಗಿಡದಿಂದ ಗಿಡಕ್ಕೆ ತಿರುಗಿಸಿ. ಹಸಿಯಾಗಿ ತಿನ್ನುವ ಸೊಪ್ಪಿಗೆ, ಮೂಲಂಗಿಗೆ ಮಾತ್ರ ಸಾಬೂನಿನ ನೀರು ಬೇಡ. ಅವಕ್ಕೆ ಅಕ್ಕಿ, ತರಕಾರಿ ತೊಳೆದ ನೀರನ್ನು ಹಾಕಿ.

ಇನ್ನು ಬೆಂಕಿ. ಹಂಡೆಯ ಒಲೆಗೆ ಹಿಂದೆ ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿ ಹಾಕುತ್ತಿದ್ದರು. ಈಗ ಬೇಗ ಹೊತ್ತಿಕೊಳ್ಳಲೆಂದು ಪ್ಲಾಸ್ಟಿಕ್ ಚೀಲ, ಹಾಲಿನ ಕವರು, ಹರಿದ ಚಪ್ಪಲಿ ತುರುಕುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಕಸವೂ ಹೋಯಿತು, ನೀರೂ ಕಾಯಿತು ಎನ್ನುತ್ತೀರಿ. ಕಸ ಎಲ್ಲಿಗೆ ಹೋಯಿತು? ಹೊಗೆಯಾಗಿ ಒಲೆ ಊದುವ ತಾಯಿಯ ಎದೆಗೆ, ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳುವ ಮಗುವಿನ ಎದೆಗೆ ಇಳಿಯಿತು. ಕೆಲವು ಬಗೆಯ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಅದರ ಬೂದಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತದೆ. ಬರೀ ಸೌದೆಯ ಬೂದಿಯಾದರೆ ಗೊಬ್ಬರ; ಪ್ಲಾಸ್ಟಿಕ್ ಬೆರೆತರೆ ವಿಷ.

ಆದ್ದರಿಂದ ಅಡಿಗೆಮನೆಯ ಮೂಲೆಯಲ್ಲಿ ಒಂದು ಗೋಣಿಚೀಲ ತೂಗುಹಾಕಿ. ಕವರುಗಳನ್ನು ತೊಳೆದು ಒಣಗಿಸಿ ಅದರಲ್ಲಿ ತುಂಬಿ, ಪಂಚಾಯಿತಿಯ ಕಸದ ಗಾಡಿಗೆ ಕೊಡಿ. ಸಿಪ್ಪೆ, ಸೊಪ್ಪು ತಿಪ್ಪೆಗೆ ಹೋಗಲಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂದಿದೆ. ಸಂತೆಗೆ ಹೊರಡುವಾಗ ಬಟ್ಟೆಯ ಚೀಲ ಮರೆಯಬೇಡಿ. ಸೌದೆ ಒಲೆಯೇ ಗತಿಯೆನ್ನುವವರು ಹೊಗೆಕೊಳವೆಯುಳ್ಳ ಅಸ್ತ್ರ ಒಲೆ ಹಾಕಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಯ ಮನೆಗಳಿಗೆಂದೇ ರೂಪಿಸಿದ ಒಲೆ ಅದು. ಸೌದೆ ಉಳಿಯುತ್ತದೆ, ಕಣ್ಣುರಿ ತಪ್ಪುತ್ತದೆ.

ಒಂದು ಮನೆಯಿಂದ ಏನಾದೀತು ಎಂದು ಕೇಳಬಹುದು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ನಮ್ಮ ಹಿರಿಯರದೇ. ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ನಾಳೆ ಹಂಡೆಗೆ ಉರಿ ಹಾಕುವಾಗ ಪ್ಲಾಸ್ಟಿಕ್ ಚೂರು ಕೈಗೆ ಬಂದರೆ ಅದನ್ನು ಪಕ್ಕಕ್ಕೆ ಇಡಿ. ಅಲ್ಲಿಂದ ತೊಡಗಿ.