ಪರದೇಶದಲ್ಲಿ ಮನೆಪಾಠ

ಕೊಂಡ್ಲಹಳ್ಳಿಯ ನನ್ನ ತಂಗಿಯ ಮಗಳು, ಗಂಡನ ಕೆಲಸದ ಸಲುವಾಗಿ ಎರಡು ವರ್ಷಕ್ಕೆಂದು ಅಮೆರಿಕಕ್ಕೆ ಹೋಗಿದ್ದಾಳೆ. ಮಗನನ್ನು ಶಾಲೆಗೆ ಕಳಿಸದೆ ತಾನೇ ಮನೆಯಲ್ಲಿ ಓದಿಸುತ್ತಿದ್ದಾಳೆ. ಅಲ್ಲಿ ಮನೆಯಲ್ಲೇ ಓದಿಸಲು ಕಾನೂನಿನ ಒಪ್ಪಿಗೆಯಿದೆ, ರಾಜ್ಯಕ್ಕೊಂದು ನಿಯಮ. ಹಿಂದಿರುಗಿದ ಮೇಲೆ ಹುಡುಗನನ್ನು ಇಲ್ಲಿಯ ಶಾಲೆ ಸೇರಿಸಿಕೊಳ್ಳದಿದ್ದರೆ ಏನು ಗತಿ ಎಂಬ ಭಯ ತಂಗಿಗಿತ್ತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು ಅವಕಾಶವಿದೆ ಎಂದು ನಾನೇ ಧೈರ್ಯ ಹೇಳಿದೆ.

ಗಣಿತ, ವಿಜ್ಞಾನ ಹೇಗೋ ಸಾಗುತ್ತದೆ. ನನಗೆ ಚಿಂತೆ ಕನ್ನಡದ್ದು. ಅದಕ್ಕೆ ತಂಗಿಯೇ ಮೇಷ್ಟ್ರಾಗಿದ್ದಾಳೆ. ನಮಗೆ ಬೆಳಗಾದರೆ ಅವರಿಗೆ ರಾತ್ರಿ. ವಿಡಿಯೋ ಕರೆಯಲ್ಲಿ ಹಿಡಿ ಶೇಂಗಾ ತೋರಿಸಿ ಎಣಿಸುತ್ತಾಳೆ, ಸಿಪ್ಪೆ ಒಡೆದು ‘ಶ’ ಹೇಳಿಸುತ್ತಾಳೆ. ಮೊಮ್ಮಗ ‘ಸೇಂಗಾ’ ಅನ್ನುತ್ತಾನೆ. ಅಜ್ಜಿ ಬಿಡುವುದಿಲ್ಲ, ಮತ್ತೊಂದು ಕಾಯಿ ಒಡೆಯುತ್ತಾಳೆ.

ದೂರದ ಮೊಮ್ಮಗನಿಗೆ ನಮ್ಮ ಅಕ್ಷರ ಕಲಿಸುವ ಅವಳನ್ನು ನೋಡುವಾಗ ನಮ್ಮ ಮೊಳಕಾಲ್ಮೂರು ತಾಲ್ಲೂಕಿನದೇ ಬ್ರಹ್ಮಗಿರಿ ನೆನಪಾಗುತ್ತದೆ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ತಂದೆತಾಯಿಯರ, ಗುರುಗಳ ಮಾತು ಕೇಳಬೇಕೆಂದು ಅದು ಹೇಳುತ್ತದೆ. ಅಕ್ಷರವೆಲ್ಲ ಬ್ರಾಹ್ಮಿ. ಕೊನೆಯಲ್ಲಿ ಮಾತ್ರ ಬರೆದವನು ಚಪಡನೆಂಬ ತನ್ನ ಹೆಸರಿನ ಜೊತೆ, ‘ಲಿಪಿಕಾರ’ ಎಂಬ ಪದವನ್ನು ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ದೂರದ ವಾಯವ್ಯ ಸೀಮೆಯ ಲಿಪಿ. ಈ ಬಂಡೆಗಳ ನಡುವೆ ಕೂತವನಿಗೆ ಎಲ್ಲೋ ಕಲಿತ ಅಕ್ಷರ ಮರೆತಿರಲಿಲ್ಲ.

ಹೋದ ವಾರ ಮೊಮ್ಮಗ ಕಾಗದವೊಂದನ್ನು ಕ್ಯಾಮೆರಾಕ್ಕೆ ಹಿಡಿದ. ಅಂಕುಡೊಂಕಾಗಿ ತನ್ನ ಹೆಸರು, ಕೆಳಗೆ ‘ಕೊಂಡ್ಲಹಳ್ಳಿ’. ಒಂದು ‘ಳ’ದ ಒತ್ತು ಬಿಟ್ಟುಹೋಗಿತ್ತು. ತಂಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಆಮೇಲೆ ಒತ್ತು ಹಾಕಿಸಿದಳು.