ಲಾರ್ಡ್ ಎಂಬ ಪದದೊಳಗಿನ ರೊಟ್ಟಿ

ವಿದ್ಯಾರ್ಥಿ ಮಿತ್ರರೇ, ಕಂಪ್ಯೂಟರ್ ವಿಷಯ ಹೇಳುತ್ತೇನೆಂದು ಕಾದಿದ್ದೀರಿ. ಅದು ಬೇಡ. ಇಂಗ್ಲಿಷ್ ಎಂದರೆ ಎದೆ ಢವಗುಟ್ಟುವ ಕನ್ನಡ ಮಾಧ್ಯಮದವರಿಗಾಗಿ ಒಂದೇ ಒಂದು ಪದ ಬಿಚ್ಚಿ ತೋರಿಸುತ್ತೇನೆ.

'ಲಾರ್ಡ್' ಎಂದೊಡನೆ ನೆನಪಾಗುವುದು ಇತಿಹಾಸ ಪಾಠದ ಲಾರ್ಡ್ ಡಾಲ್‌ಹೌಸಿ. ಸಾವಿರ ವರ್ಷಗಳಾಚೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪ 'ಹ್ಲಾಫ್‌ವೆಅರ್ಡ್'. ಹ್ಲಾಫ್ ಎಂದರೆ ರೊಟ್ಟಿ, ಇಂದಿನ ಲೋಫ್. ವೆಅರ್ಡ್ ಎಂದರೆ ಕಾಯುವವನು. ಹಾಸ್ಟೆಲ್ ವಾರ್ಡನ್ ಕೂಡ ಇದೇ ಬಳಗ! ಅಂದರೆ ಲಾರ್ಡ್ ರೊಟ್ಟಿ ಕಾಯುವವನು. 'ಲೇಡಿ'ಯ ಮೂಲ 'ಹ್ಲ್ಯಾಫ್‌ಡಿಯೆ', ರೊಟ್ಟಿಗೆ ಹಿಟ್ಟು ನಾದುವವಳು. ನಾಲಿಗೆಯ ಮೇಲೆ ಸವೆದು ಸವೆದು ಎರಡರಲ್ಲೂ ರೊಟ್ಟಿ ಕಾಣದಂತಾಯಿತು.

ಹಾಗಾದರೆ ತಿನ್ನುವವರು? ಅವರಿಗೂ ಪದವಿತ್ತು. 'ಹ್ಲಾಫ್‌ಎಟಾ', ರೊಟ್ಟಿ ತಿನ್ನುವವನು, ಎಂದರೆ ಮನೆಯ ಆಳು. ಕ್ರಿ.ಶ. 600ರ ಸುಮಾರಿನ ಕೆಂಟ್ ದೊರೆ ಎಥೆಲ್‌ಬರ್ಟನ ಕಾನೂನಿನಲ್ಲಿ ಸಾಮಾನ್ಯ ರೈತನೊಬ್ಬನ ಇಂಥ ಆಳನ್ನು ಕೊಂದರೆ ತೆರಬೇಕಾದ ಪರಿಹಾರ 6 ಶಿಲ್ಲಿಂಗ್. ಸ್ವತಂತ್ರ ರೈತನ ಜೀವಕ್ಕೋ 100. ರೊಟ್ಟಿ ಕಾದವನ ಹೆಸರು ಬಿರುದಾಯಿತು, ತಿಂದವನ ಹೆಸರು ಭಾಷೆಯಿಂದಲೇ ಅಳಿಯಿತು. ಧಣಿಯ ಅನ್ನದ ಋಣದ ಮಾತು ಕೇಳಿ ಬೆಳೆದ ನಮಗೆ ಇದು ಅಷ್ಟೇನೂ ಅಪರಿಚಿತವಲ್ಲ.

ನಮ್ಮ ನ್ಯಾಯಾಲಯಗಳಲ್ಲಿ 'ಮೈ ಲಾರ್ಡ್' ಬೇಡವೆಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಸೂಚಿಸಿತು. ಅಭ್ಯಾಸ ಹೋಗಿಲ್ಲ.

ಮುಂದಿನ ಸಲ ಇಂಗ್ಲಿಷ್ ಮೇಷ್ಟ್ರು 'ಲ್ಯಾಂಡ್‌ಲಾರ್ಡ್' ಬರೆಸಿದಾಗ, ಅದರೊಳಗೆ ರೊಟ್ಟಿ ಎಲ್ಲಿದೆ ಸಾರ್ ಎಂದು ಕೇಳಿ ನೋಡಿ.